ಸಣ್ಣ ಅನುದಾನಗಳ ಚರಿತ್ರೆ: ಗಂಜಾಮಿನಿಂದ ನೋಡಿದಾಗ

ಶ್ರೀರಂಗಪಟ್ಟಣ ದ್ವೀಪದ ಪೂರ್ವದ ತುದಿಗಿರುವ ಗಂಜಾಮಿನ ಹೆಸರು ಕೇಳಿದರೆ ಇವತ್ತಿನವರಿಗೆ ನೆನಪಾಗುವುದು ನಿಮಿಷಾಂಬ ದೇವಸ್ಥಾನ, ಗುಂಬಜ್, ಕಾವೇರಿಯ ಎರಡು ಕವಲುಗಳು ಮತ್ತೆ ಒಂದಾಗುವ ಸಂಗಮ. ಹಿಂದಿನ ತಲೆಮಾರಿನವರಿಗೆ ಇನ್ನೊಂದು ನೆನಪೂ ಇತ್ತು, ಗಂಜಾಂ ಅಂಜೂರದ ನೆನಪು. ತೋಟಗಾರಿಕೆಯ ಪುಸ್ತಕಗಳಲ್ಲಿ ಅಂಜೂರದ ತಳಿಗಳ ಪಟ್ಟಿ ಬಂದರೆ ಪುಣೆ, ಮಾರ್ಸೇಲ್ಸ್ ಮುಂತಾದ ಹೆಸರುಗಳ ಸಾಲಿನಲ್ಲಿ ಗಂಜಾಂ ಹೆಸರೂ ಸಿಗುತ್ತದೆ. ಈಗ ಕರ್ನಾಟಕದಲ್ಲಿ ಅಂಜೂರ ಎಂದರೆ ಬಳ್ಳಾರಿ ಸೀಮೆಯ ಮಾತು. ಗಂಜಾಮಿನ ಸುತ್ತ ಕಣ್ಣಿಗೆ ಬೀಳುವುದು ಕಬ್ಬು, ಭತ್ತ, ತೆಂಗು.

ತೋಟಗಳು ಯಾಕೆ ಹಿಂದೆ ಸರಿದವು? ರೋಗ ಬಂತೆ, ಮಾರುಕಟ್ಟೆ ಕೈಕೊಟ್ಟಿತೆ, ಕಬ್ಬಿನ ದುಡ್ಡು ಹೆಚ್ಚು ಭರವಸೆಯದೆನಿಸಿತೆ? ಇದು ಪದವಿ ತರಗತಿಯ ವಿದ್ಯಾರ್ಥಿಯೊಬ್ಬಳು ಒಂದು ಸೆಮಿಸ್ಟರಿನಲ್ಲಿ ಮಾಡಿ ಮುಗಿಸಬಹುದಾದ ಕೆಲಸ. ಹಳೆಯ ಪಹಣಿಗಳನ್ನು ತೆಗೆಸಬೇಕು, ಹತ್ತು ಹದಿನೈದು ಮಂದಿ ಹಿರಿಯ ರೈತರನ್ನು ಮಾತಾಡಿಸಬೇಕು, ಉಳಿದಿರುವ ಗಿಡಗಳನ್ನು ಲೆಕ್ಕ ಹಾಕಬೇಕು. ಬಸ್ ಚಾರ್ಜು, ನಕಲು ಪ್ರತಿಯ ಶುಲ್ಕ, ಒಂದಿಷ್ಟು ಜೆರಾಕ್ಸ್ ಎಲ್ಲ ಸೇರಿದರೂ ಖರ್ಚು ಕೆಲವೇ ಸಾವಿರ. ಇಂಥ ಕೆಲಸಕ್ಕೆ ಸರ್ಕಾರವೋ ಸಂಸ್ಥೆಯೋ ಕೊಡುವ ಪುಟ್ಟ ಮೊತ್ತಕ್ಕೆ ಕಿರು ಅನುದಾನ ಎನ್ನುತ್ತಾರೆ. ನಮ್ಮ ವಿಶ್ವವಿದ್ಯಾಲಯಗಳ ಪರಿಸರ ಶಿಕ್ಷಣದಲ್ಲಿ ಈ ಪುಟ್ಟ ಮೊತ್ತಗಳಿಗೆ ಒಂದು ಚರಿತ್ರೆಯಿದೆ. ದೊಡ್ಡ ಅಣೆಕಟ್ಟುಗಳ, ದೊಡ್ಡ ಚಳವಳಿಗಳ ಚರಿತ್ರೆಯ ನಡುವೆ ಇದನ್ನು ಯಾರೂ ಬಿಡಿಯಾಗಿ ನೋಡುವುದಿಲ್ಲ. ನೋಡಿದರೆ ಒಂದು ಪಾಠ ಸಿಗುತ್ತದೆ: ಹಣ ಎಷ್ಟು ಬಂತು ಎನ್ನುವುದಕ್ಕಿಂತ, ಕಂಡುಕೊಂಡದ್ದು ಎಲ್ಲಿ ಉಳಿಯಿತು ಎಂಬುದರ ಮೇಲೆಯೇ ಎಲ್ಲ ನಿಂತಿದೆ.

ಈ ನೆಲವನ್ನು ಅರಿಯಲು ಸಾರ್ವಜನಿಕ ಹಣ ಸುರಿದ ಮೊದಲ ದೊಡ್ಡ ಪ್ರಸಂಗಕ್ಕೂ ಶ್ರೀರಂಗಪಟ್ಟಣವೇ ಸಾಕ್ಷಿ. 1799ರ ಮೇ 4ರಂದು ಟಿಪ್ಪು ಮಡಿದ. ಟಿಪ್ಪು ಸಿರಾದಿಂದ ಸಾವಿರಾರು ಕುಟುಂಬಗಳನ್ನು ಎಬ್ಬಿಸಿ ತಂದು ನೆಲೆಗೊಳಿಸಿದ ಪೇಟೆಯೇ ಶಹರ್ ಗಂಜಾಂ. ಕೋಟೆ ಬಿದ್ದು ಒಂದು ವರ್ಷವಾಗುವ ಹೊತ್ತಿಗೆ, 1800ರ ಬೇಸಿಗೆಯಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆ ಹೊತ್ತು ಫ್ರಾನ್ಸಿಸ್ ಬುಕನನ್ ಎಂಬ ವೈದ್ಯ ಇಲ್ಲಿಗೆ ಬಂದ. ದಿವಾನ್ ಪೂರ್ಣಯ್ಯನವರನ್ನು ಕಂಡ. ಹೊಲಗಳಲ್ಲಿ ನಿಂತು ರೈತರನ್ನು ಕೇಳಿದ: ಎಷ್ಟು ಬೀಜ ಬಿತ್ತುತ್ತೀರಿ, ಎಷ್ಟು ಬೆಳೆಯುತ್ತೀರಿ, ನಾಲೆಯ ನೀರು ಯಾವ ತಿಂಗಳು ಬರುತ್ತದೆ, ಬೆಲ್ಲ ಹೇಗೆ ಕಾಯಿಸುತ್ತೀರಿ. ರಸ್ತಾಳಿ, ಪಟ್ಟಾಪಟ್ಟಿ ಎಂಬ ಕಬ್ಬಿನ ಹೆಸರುಗಳು ಅವನ ದಿನಚರಿಯಲ್ಲಿವೆ. ಹೆಚ್ಚುಕಡಿಮೆ ಅದೇ ಕಾಲಕ್ಕೆ ಕಾಲಿನ್ ಮೆಕೆಂಜಿ ಮೈಸೂರು ಸರ್ವೆ ಆರಂಭಿಸಿದ. ಕಾವಲಿ ವೆಂಕಟ ಬೋರಯ್ಯನಂಥ ದೇಶೀ ಸಹಾಯಕರು ಊರೂರು ತಿರುಗಿ ಕಡತ, ಕೈಫಿಯತ್ತು, ಶಾಸನಗಳನ್ನು ಕೂಡಿಹಾಕಿದರು.

ಕಂಪನಿಯ ಉದ್ದೇಶದಲ್ಲಿ ಗುಟ್ಟೇನೂ ಇರಲಿಲ್ಲ. ಗೆದ್ದ ನಾಡಿನಿಂದ ಏನು ಹುಟ್ಟುತ್ತದೆ, ಎಷ್ಟು ವಸೂಲಾಗುತ್ತದೆ ಎಂದು ತಿಳಿಯಬೇಕಿತ್ತು. ಬುಕನನ್ನನ ಪ್ರವಾಸ ಕಥನ 1807ರಲ್ಲಿ ಮೂರು ಸಂಪುಟಗಳಾಗಿ ಲಂಡನ್ನಿನಲ್ಲಿ ಅಚ್ಚಾಯಿತು. ಉತ್ತರ ಕೊಟ್ಟ ರೈತನ ಕೈಗೆ ಅದು ಬರುವಂತಿರಲಿಲ್ಲ, ಬಂದರೂ ಅವನಿಗೆ ಓದಲಾಗದ ಭಾಷೆಯಲ್ಲಿತ್ತು. ಆದರೂ ಇನ್ನೂರು ವರ್ಷಗಳ ಹಿಂದೆ ದ್ವೀಪದ ಸುತ್ತ ಏನು ಬೆಳೆಯುತ್ತಿದ್ದರು ಎಂದು ಇವತ್ತು ನಾವು ಹೇಳಬಲ್ಲೆವಾದರೆ ಅದಕ್ಕೆ ಆ ಪುಸ್ತಕವೇ ಆಧಾರ. ಯಾರೋ ಕೇಳಿದರು, ಬರೆದರು, ಬರೆದದ್ದನ್ನು ಜೋಪಾನ ಮಾಡಿದರು. ತೆರಿಗೆಯ ಆಸೆಯಿಂದ ಹುಟ್ಟಿದ ದಾಖಲೆಯೂ ದಾಖಲೆಯೇ.

ಕೇಳುವ, ಬರೆಯುವ ಈ ಕೆಲಸ ನಮ್ಮವರ ಕೈಗೆ ಬಂದದ್ದು ಕಾಲೇಜುಗಳು ಬಂದ ಮೇಲೆ. ಮೈಸೂರು ವಿಶ್ವವಿದ್ಯಾಲಯ 1916ರ ಜುಲೈ 27ರಂದು ಆರಂಭವಾಯಿತು. ಆಗ ಬೆಂಗಳೂರಿನ ಸೆಂಟ್ರಲ್ ಕಾಲೇಜೂ ಅದರ ಅಂಗವೇ. ಅಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಸಿ.ಆರ್. ನಾರಾಯಣ ರಾವ್ ಕಪ್ಪೆಗಳ ಬೆನ್ನು ಹತ್ತಿದರು. ಮಲೆನಾಡಿನ ಕೆಂಪುಹೊಳೆ, ಕೊಡಗಿನ ಭಾಗಮಂಡಲದಂಥ ಕಡೆಗಳಿಂದ ಬಂದ ಕಪ್ಪೆಗಳನ್ನು ಪರೀಕ್ಷಿಸಿ, 1937ರಲ್ಲಿ ದಕ್ಷಿಣ ಭಾರತದ ಹೊಸ ಕಪ್ಪೆಗಳ ಬಗ್ಗೆ ಒಂದು ದೀರ್ಘ ಪ್ರಬಂಧ ಪ್ರಕಟಿಸಿದರು. 1932ರಲ್ಲಿ ಬೆಂಗಳೂರಿನಿಂದ ಹೊರಟ 'ಕರೆಂಟ್ ಸೈನ್ಸ್' ಪತ್ರಿಕೆಗೆ ಮೊದಲ ಸಂಪಾದಕರೂ ಅವರೇ. ಪಶ್ಚಿಮಘಟ್ಟದ ಒಂದು ಜಾತಿಯ ಪೊದೆಗಪ್ಪೆಗಳಿಗೆ ಈಗ ವಿಜ್ಞಾನಲೋಕದಲ್ಲಿ 'ರಾವೋರ್ಕೆಸ್ಟಿಸ್' ಎಂಬ ಕುಲನಾಮವಿದೆ. ಅದರೊಳಗಿನ ರಾವ್ ಇವರೇ.

ಈ ಕಥೆಗೆ ಒಂದು ಕಹಿ ಕೊನೆಯೂ ಇದೆ. ರಾಯರು ಹೊಸ ಪ್ರಭೇದಗಳನ್ನು ಹೆಸರಿಸಲು ಆಧಾರವಾಗಿಟ್ಟುಕೊಂಡಿದ್ದ ಮೂಲ ಮಾದರಿಗಳು ಕಾಲೇಜಿನ ಸಂಗ್ರಹದಲ್ಲಿದ್ದವು. ಅವು ಕಳೆದುಹೋದವು. ಮುಂದೆ ಬಂದ ಸಂಶೋಧಕರು ಅವರ ಪ್ರಬಂಧದ ವರ್ಣನೆಯನ್ನೇ ಹಿಡಿದುಕೊಂಡು, ಅದೇ ಹಳ್ಳ ಕಾಡುಗಳಿಗೆ ಮತ್ತೆ ಹೋಗಿ, ಇದೇ ಆ ಕಪ್ಪೆಯೋ ಬೇರೆಯೋ ಎಂದು ತಡಕಾಡಬೇಕಾಯಿತು. ಕೆಲಸ ಮಾಡುವ ಮೇಷ್ಟ್ರು ನಮ್ಮಲ್ಲಿದ್ದರು. ಅವರು ಗಾಜಿನ ಭರಣಿಯಲ್ಲಿ ಇಟ್ಟುಹೋದದ್ದನ್ನು ನೋಡಿಕೊಳ್ಳುವ ವ್ಯವಸ್ಥೆ ಇರಲಿಲ್ಲ. ಭರಣಿಯೊಳಗಿನ ದ್ರಾವಣವನ್ನು ಕಾಲಕಾಲಕ್ಕೆ ಬದಲಿಸಲು ಬೇಕಾದದ್ದು ಎಷ್ಟು ಹಣ ಹೇಳಿ?

ಇದಕ್ಕೆ ಎದುರಾಗಿ ಇಡಬಹುದಾದ ಉದಾಹರಣೆ ಗಂಜಾಮಿನಿಂದ ಹೊಳೆಯ ಮೇಲುಗಡೆ ಕೆಲವೇ ಮೈಲಿ ದೂರದಲ್ಲಿದೆ. ಹದಿನೇಳನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಾವೇರಿಗೆ ಕಟ್ಟಿದ ಕಟ್ಟೆಯಿಂದ ಪಾಲಹಳ್ಳಿಯ ಬಳಿ ಪುಟ್ಟ ಪುಟ್ಟ ತಿಟ್ಟುಗಳಾದವು. ಹಕ್ಕಿಗಳು ಅಲ್ಲಿ ಗೂಡು ಕಟ್ಟಿದವು. ಊರಿನವರಿಗೆ ಅದು ಗೊತ್ತೇ ಇತ್ತು. 1939-40ರಲ್ಲಿ ಸಲೀಂ ಅಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆಂದು ಬಂದರು. ದೊಡ್ಡ ಪ್ರಯೋಗಾಲಯವಿಲ್ಲ, ದೊಡ್ಡ ಸಿಬ್ಬಂದಿಯಿಲ್ಲ. ಊರಿಂದೂರಿಗೆ ಹೋಗಿ, ಬಿಡಾರ ಹೂಡಿ, ಕಂಡದ್ದನ್ನು ಬರೆದುಕೊಳ್ಳುವ ಕೆಲಸ. ಅವರ ಒತ್ತಾಯದ ಫಲವಾಗಿ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಸಮೀಕ್ಷೆಯ ವರದಿ 1942-43ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಕಂತುಗಳಾಗಿ ಬಂತು. 2022ರಲ್ಲಿ ರಂಗನತಿಟ್ಟು ರಾಮ್ಸಾರ್ ತಾಣಗಳ ಪಟ್ಟಿ ಸೇರಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವೆನಿಸಿತು. ಒಂದು ಚದರ ಕಿಲೋಮೀಟರೂ ಇಲ್ಲದ ಜಾಗ ಅದು. ಒಂದು ಸಣ್ಣ ಸಮೀಕ್ಷೆಯಲ್ಲಿ ಕಂಡದ್ದು ಆಳುವವರ ಕಿವಿಗೆ ಬಿತ್ತು, ಆದೇಶವಾಯಿತು, ಅಚ್ಚಿನಲ್ಲೂ ಉಳಿಯಿತು. ಮೂರೂ ಆದದ್ದರಿಂದ ಹಕ್ಕಿಗಳಿಗೆ ನೆಲೆ ಉಳಿಯಿತು.

ಇಲ್ಲಿಯವರೆಗಿನದು ಅಧಿಕಾರಿಗಳ, ವಿದ್ವಾಂಸರ ಮಾತು. ವಿದ್ಯಾರ್ಥಿಯ ಕೈಗೇ ಹಣ ಕೊಟ್ಟು 'ನೀನು ಮಾಡಿ ನೋಡು' ಎಂದದ್ದು ಯಾವಾಗ? ಕರ್ನಾಟಕದ ಮಟ್ಟಿಗೆ ಈ ಪ್ರಶ್ನೆಗೆ ಒಂದು ಒಳ್ಳೆಯ ಉತ್ತರವಿದೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಸತೀಶ್ ಧವನ್ ನಿರ್ದೇಶಕರಾಗಿದ್ದ ಕಾಲದಲ್ಲಿ, ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ 'ಅಸ್ತ್ರ' ಎಂಬ ಘಟಕ ಹುಟ್ಟಿತು. ಹಳ್ಳಿಗೆ ಬೇಕಾದ ವಿಜ್ಞಾನ ತಂತ್ರಜ್ಞಾನ ಅದರ ಗುರಿ. ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ಕೇಂದ್ರವಿತ್ತು. ಹೊಗೆ ಕಡಿಮೆ ಮಾಡಿ ಸೌದೆ ಉಳಿಸುವ ಅಸ್ತ್ರ ಒಲೆಯನ್ನು ನಮ್ಮ ಅನೇಕ ಹಳ್ಳಿಮನೆಗಳು ಬಲ್ಲವು. ಮರುವರ್ಷ, 1975ರಲ್ಲಿ, ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಅದೇ ಆವರಣದಲ್ಲಿ ಆರಂಭವಾಯಿತು. ರೆಡ್ಡಿಯವರೇ ಅದರ ಕಾರ್ಯದರ್ಶಿ.

ಆ ಮಂಡಳಿ 1977ರಲ್ಲಿ ವಿದ್ಯಾರ್ಥಿ ಯೋಜನಾ ಕಾರ್ಯಕ್ರಮವೊಂದನ್ನು ಶುರುಮಾಡಿತು. ಎಂಜಿನಿಯರಿಂಗ್ ಕಾಲೇಜುಗಳ ಕೊನೆಯ ವರ್ಷದ ವಿದ್ಯಾರ್ಥಿಗಳು ಹೇಗೂ ಒಂದು ಪ್ರಾಜೆಕ್ಟ್ ಮಾಡಲೇಬೇಕು. ಹೆಚ್ಚಿನವು ಬೈಂಡಾಗಿ ಕಪಾಟು ಸೇರುತ್ತವೆ. ಅದೇ ಶ್ರಮವನ್ನು ನಾಡಿನ ನಿಜವಾದ ಸಮಸ್ಯೆಯೊಂದರ ಕಡೆ ತಿರುಗಿಸಿದರೆ ಹೇಗೆ ಎಂಬುದು ಆಲೋಚನೆ. ವಿದ್ಯಾರ್ಥಿಗಳು ತಮ್ಮ ಮೇಷ್ಟ್ರ ಜೊತೆ ಪ್ರಸ್ತಾವ ಬರೆದು ಕಳಿಸಬೇಕು. ಆಯ್ಕೆಯಾದದ್ದಕ್ಕೆ ಸಾಮಗ್ರಿ ಕೊಳ್ಳಲು, ಓಡಾಡಲು ಸಣ್ಣ ಮೊತ್ತ. ನಡುವೆ ತಜ್ಞರು ಬಂದು ಕೆಲಸ ನೋಡುತ್ತಾರೆ, ಪ್ರಶ್ನೆ ಕೇಳುತ್ತಾರೆ. ಕೊನೆಗೆ ರಾಜ್ಯಮಟ್ಟದ ವಿಚಾರ ಸಂಕಿರಣ ಮತ್ತು ಪ್ರದರ್ಶನ. ಈ ಪದ್ಧತಿ ಹೆಚ್ಚು ಬದಲಾಗದೆ ದಶಕಗಳ ಕಾಲ ನಡೆದುಬಂದಿದೆ. ನೀರು ಶುದ್ಧಿ, ಜೈವಿಕ ಅನಿಲ, ಸೌರಶಕ್ತಿ, ಕೃಷಿ ತ್ಯಾಜ್ಯ ಮುಂತಾದ ಪರಿಸರದ ವಿಷಯಗಳಿಗೆ ಅಲ್ಲಿ ಎಂದೂ ಜಾಗವಿತ್ತು.

ಗಮನಿಸಬೇಕಾದದ್ದು ಅದರ ಕಟ್ಟು. ಹಣ ಸಮಾರಂಭಕ್ಕೆ ಬರಲಿಲ್ಲ, ಒಂದು ಪ್ರಶ್ನೆಯ ಬೆನ್ನಿಗೆ ಬಂತು. ಹಣದ ಜೊತೆಗೆ ಬಂದು ನೋಡುವ ಒಬ್ಬ ಮನುಷ್ಯನೂ ಬಂದ. ಇಪ್ಪತ್ತೊಂದು ವರ್ಷದ ಹುಡುಗ ಹುಡುಗಿಯರಿಗೆ ಹಣಕ್ಕಿಂತ ದೊಡ್ಡದು ಈ ಎರಡನೆಯದು. ತಾವು ಮಾಡಿದ್ದನ್ನು ಹೊರಗಿನವರೊಬ್ಬರು ಗಂಭೀರವಾಗಿ ತೆಗೆದುಕೊಂಡರು ಎಂಬ ಅನುಭವ ಅವರಿಗೆ ಬೇರೆಲ್ಲೂ ಸಿಗುವುದಿಲ್ಲ.

ಅದೇ ಕಾಲಕ್ಕೆ ದೆಹಲಿಯಲ್ಲೂ ಗಾಳಿ ಬದಲಾಗಿತ್ತು. 1976ರ 42ನೆಯ ತಿದ್ದುಪಡಿ ಸಂವಿಧಾನಕ್ಕೆ 48ಎ ವಿಧಿಯನ್ನೂ 51ಎ(ಜಿ) ವಿಧಿಯನ್ನೂ ಸೇರಿಸಿತು. ಪರಿಸರ ರಕ್ಷಣೆ ಸರ್ಕಾರದ ಹೊಣೆಯೂ ಆಯಿತು, ಪ್ರಜೆಯ ಕರ್ತವ್ಯವೂ ಆಯಿತು. 1980ರಲ್ಲಿ ಪರಿಸರ ಇಲಾಖೆ, 1985ರಲ್ಲಿ ಸಚಿವಾಲಯ ಬಂದವು. 1983-84ರಲ್ಲಿ ಪರಿಸರ ಶಿಕ್ಷಣ, ಅರಿವು ಮತ್ತು ತರಬೇತಿಗೆಂದೇ ಕೇಂದ್ರದ ಯೋಜನೆ ಆರಂಭವಾಯಿತು. 1986ರಲ್ಲಿ ರಾಷ್ಟ್ರೀಯ ಪರಿಸರ ಜಾಗೃತಿ ಅಭಿಯಾನ. ಕಾಲೇಜು, ಶಾಲೆ, ಮಹಿಳಾ ಮಂಡಲ, ಯುವಕ ಸಂಘ, ಸ್ವಯಂಸೇವಾ ಸಂಸ್ಥೆ, ಹೀಗೆ ದೇಶದ ಉದ್ದಗಲಕ್ಕೂ ಅಸಂಖ್ಯ ಗುಂಪುಗಳಿಗೆ ಸಣ್ಣ ಸಣ್ಣ ಮೊತ್ತ ಹಂಚುವ ಕೆಲಸ. 2001ರಲ್ಲಿ ರಾಷ್ಟ್ರೀಯ ಹಸಿರು ಪಡೆ ಬಂತು. ಶಾಲೆಯ ಇಕೋ ಕ್ಲಬ್ಬಿಗೆ ಮೊದಲು ವರ್ಷಕ್ಕೆ 1000 ರೂಪಾಯಿ, ಮುಂದೆ 2500, ಆಮೇಲೆ 5000.

ಇವು ವ್ಯರ್ಥವೆಂದು ಒಂದೇ ಏಟಿಗೆ ಹೇಳಿದರೆ ಅನ್ಯಾಯ. ಪರಿಸರ ಎಂಬ ಪದವೇ ಹೊಸದಾಗಿದ್ದ ಕಾಲದಲ್ಲಿ ಅದು ಊರಿನ ಶಾಲೆಯ ಗೋಡೆಯ ಮೇಲೆ, ಕಾಲೇಜಿನ ಭಿತ್ತಿಪತ್ರಿಕೆಯಲ್ಲಿ ಬಂದದ್ದು ಇಂಥ ಹಣದಿಂದಲೇ. ಒಂದು ಸಾವಿರ ರೂಪಾಯಿಯಲ್ಲಿ ಶಾಲೆಯ ಹಿತ್ತಿಲಲ್ಲಿ ಕೈತೋಟ ಎಬ್ಬಿಸಿದ ಮೇಷ್ಟ್ರುಗಳು ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ. ಆದರೆ ಜಾಗೃತಿ ಎಂಬ ಗುರಿಗೆ ಒಂದು ದೌರ್ಬಲ್ಯವಿದೆ. ಅದು ಮುಗಿದದ್ದು ಹೇಗೆ ತಿಳಿಯಬೇಕು? ಜಾಥಾ ನಡೆಯಿತು, ಬ್ಯಾನರ್ ಕಟ್ಟಿದರು, ಅತಿಥಿಗಳು ಸಸಿ ನೆಟ್ಟರು, ಫೋಟೋ ತೆಗೆದರು, ರಸೀದಿ ಅಂಟಿಸಿ ಹಣ ಬಳಕೆಯ ಪ್ರಮಾಣಪತ್ರ ಕಳಿಸಿದರು. ಲೆಕ್ಕ ಚುಕ್ತಾ. ಮುಂದಿನ ಜೂನ್ 5ಕ್ಕೆ ಅದೇ ಗುಂಡಿಯಲ್ಲಿ ಇನ್ನೊಂದು ಸಸಿ. ರಸೀದಿಗಳು ಸರಿಯಾಗಿಯೇ ಇರುತ್ತವೆ. ಆದರೆ ಆ ಊರಿನ ಬಗ್ಗೆ ಹೋದ ವರ್ಷಕ್ಕಿಂತ ಒಂದು ಸಾಲು ಹೆಚ್ಚಿಗೆ ತಿಳಿದಿರುವುದಿಲ್ಲ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಎಂಬ ಗಾದೆ ಹೊಳೆದಂಡೆಯವರಿಗೆ ಚೆನ್ನಾಗಿ ಅರ್ಥವಾಗುತ್ತದೆ.

ಬೇರೆ ಹಾದಿಯೂ ಇತ್ತು ಎಂದು ತೋರಿಸಿದ್ದು 1990ರ ದಶಕದ ಒಂದು ಪ್ರಯೋಗ. ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದಲ್ಲಿದ್ದ ಮಾಧವ ಗಾಡ್ಗೀಳ್ ಪಶ್ಚಿಮಘಟ್ಟದ ಉದ್ದಕ್ಕೂ ಇರುವ ಪದವಿ ಕಾಲೇಜುಗಳ ಅಧ್ಯಾಪಕರನ್ನು ಕೂಡಿಸಿ ಜೀವವೈವಿಧ್ಯದ ಒಂದು ಜಾಲ ಕಟ್ಟಿದರು. ಘಟ್ಟದ ಸಣ್ಣ ಊರಿನ ಕಾಲೇಜಿನಲ್ಲಿ ಸಸ್ಯಶಾಸ್ತ್ರವೋ ಪ್ರಾಣಿಶಾಸ್ತ್ರವೋ ಕಲಿಸುವ ಮೇಷ್ಟ್ರಿಗೆ ತನ್ನ ಸುತ್ತಲ ಕಾಡು, ತೋಟ, ಗದ್ದೆ ಗೊತ್ತು. ಅವರ ಜೊತೆ ಪ್ರತಿವರ್ಷ ಹೊಸ ವಿದ್ಯಾರ್ಥಿಗಳ ದಂಡೇ ಇರುತ್ತದೆ. ಒಂದೇ ವಿಧಾನದಲ್ಲಿ ಎಲ್ಲರೂ ಲೆಕ್ಕ ಹಾಕಿದರೆ, ಒಬ್ಬ ದೊಡ್ಡ ವಿಜ್ಞಾನಿಯ ಕೈಯಲ್ಲಾಗದ್ದು ಹತ್ತಿಪ್ಪತ್ತು ಕಾಲೇಜುಗಳಿಂದ ಆಗುತ್ತದೆ. ಗಾಡ್ಗೀಳರು ಈ ಪ್ರಯೋಗದ ಬಗ್ಗೆ 1996ರಲ್ಲಿ ಬರೆದದ್ದು 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ, ಕಪ್ಪೆಗಳ ನಾರಾಯಣ ರಾಯರು ಸಂಪಾದಿಸಲು ಆರಂಭಿಸಿದ್ದ ಅದೇ ಪತ್ರಿಕೆಯಲ್ಲಿ.

ಈ ಕೆಲಸದ ಜೊತೆಜೊತೆಗೇ ಜನರ ಜೀವವೈವಿಧ್ಯ ದಾಖಲೆಯ ಕಲ್ಪನೆಯೂ ಬೆಳೆಯಿತು. ಊರಿನವರಿಗೆ ಗೊತ್ತಿರುವ ಗಿಡ, ಮೀನು, ಹಕ್ಕಿ, ಬೀಜ, ಮದ್ದು, ಅವು ಹೆಚ್ಚಾದ ಕಡಿಮೆಯಾದ ಕಥೆ ಎಲ್ಲವನ್ನೂ ಊರಿನವರ ಬಾಯಿಂದಲೇ ಕೇಳಿ, ಊರಿನ ಪುಸ್ತಕದಲ್ಲಿ ಬರೆದಿಡುವುದು. ಬುಕನನ್ ಕೇಳಿದ ಪ್ರಶ್ನೆಗಳನ್ನೇ ಇಲ್ಲಿ ವಿದ್ಯಾರ್ಥಿಗಳು ಕೇಳುತ್ತಾರೆ. ಉತ್ತರ ಮಾತ್ರ ಲಂಡನ್ನಿಗೆ ಹೋಗುವುದಿಲ್ಲ. 2002ರ ಜೀವವೈವಿಧ್ಯ ಕಾಯ್ದೆ ಈ ಕಲ್ಪನೆಗೆ ಕಾನೂನಿನ ಬಲ ಕೊಟ್ಟಿತು. ಸ್ಥಳೀಯ ಸಂಸ್ಥೆಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ದಾಖಲೆ ಸಿದ್ಧಪಡಿಸಬೇಕು ಎಂದಾಯಿತು.

ಈ ನಡುವೆ ನ್ಯಾಯಾಲಯ ಇನ್ನೊಂದು ಬಾಗಿಲು ತೆರೆದಿತ್ತು. ವಕೀಲ ಎಂ.ಸಿ. ಮೆಹ್ತಾ ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟ್ 1991ರ ನವೆಂಬರ್ 22ರಂದು ಆದೇಶ ಕೊಟ್ಟಿತು: ಸಿನಿಮಾ ಮಂದಿರಗಳಲ್ಲಿ ಪರಿಸರದ ಸ್ಲೈಡುಗಳನ್ನು ಪುಕ್ಕಟೆ ತೋರಿಸಬೇಕು, ಆಕಾಶವಾಣಿ ದೂರದರ್ಶನಗಳು ಇದಕ್ಕೆ ಸಮಯ ಕೊಡಬೇಕು, ಶಾಲೆ ಕಾಲೇಜುಗಳಲ್ಲಿ ಪರಿಸರ ಕಡ್ಡಾಯ ವಿಷಯವಾಗಬೇಕು. ಅದು ಜಾರಿಯಾಗಲು ಹನ್ನೆರಡು ವರ್ಷ ಹಿಡಿಯಿತು. ಯುಜಿಸಿ ಎಲ್ಲ ಪದವಿ ತರಗತಿಗಳಿಗೂ ಆರು ತಿಂಗಳ ಕಡ್ಡಾಯ ಪಠ್ಯಕ್ರಮ ರೂಪಿಸಿತು. ಪುಣೆಯ ಎರಾಕ್ ಭರೂಚಾ ಅದಕ್ಕೆ ಪಠ್ಯಪುಸ್ತಕ ಬರೆದರು.

ಆ ಪಠ್ಯಕ್ರಮವನ್ನು ಬಿಡಿಸಿ ನೋಡಿದರೆ ಆಶ್ಚರ್ಯವಾಗುತ್ತದೆ. ಒಟ್ಟು 50 ತರಗತಿ, ಅದರಲ್ಲಿ 5 ಕ್ಷೇತ್ರಕಾರ್ಯಕ್ಕೆ. ಒಟ್ಟು 100 ಅಂಕ, ಅದರಲ್ಲಿ 25 ಕ್ಷೇತ್ರಕಾರ್ಯಕ್ಕೆ. ಏನು ಮಾಡಬೇಕು ಎಂದೂ ಬರೆದಿದೆ: ಹತ್ತಿರದ ಹೊಳೆ, ಕಾಡು, ಬೆಟ್ಟ ಇವುಗಳಲ್ಲೊಂದಕ್ಕೆ ಹೋಗಿ ಅಲ್ಲಿನ ಪರಿಸರ ಸಂಪತ್ತನ್ನು ದಾಖಲಿಸಬೇಕು, ಮಲಿನಗೊಂಡ ಒಂದು ಜಾಗ ನೋಡಬೇಕು, ಸಾಮಾನ್ಯ ಗಿಡ, ಕೀಟ, ಹಕ್ಕಿಗಳನ್ನು ಗುರುತಿಸಬೇಕು, ಕೆರೆ, ನದಿ, ಬೆಟ್ಟದ ಇಳಿಜಾರಿನಂಥ ಸರಳ ಪರಿಸರ ವ್ಯವಸ್ಥೆಯೊಂದನ್ನು ಅಧ್ಯಯನ ಮಾಡಬೇಕು. ಕಾಲೇಜಿನ ಎದುರಿಗೇ ಹೊಳೆ ಹರಿಯುವ ಊರಿಗೆ ಇದಕ್ಕಿಂತ ಒಳ್ಳೆಯ ಪಠ್ಯ ಬೇಕೆ?

ಆದದ್ದು ಬೇರೆ. ನೂರಾರು ಮಕ್ಕಳ ತರಗತಿ, ವಾರಕ್ಕೆ ಎರಡು ಪೀರಿಯಡ್ಡು, ವಿಷಯ ಕಲಿಸಲು ಬಿಡುವಿದ್ದ ಅಧ್ಯಾಪಕರು ಯಾರೋ ಅವರು. ಹೊಳೆಗೆ ಕರೆದುಕೊಂಡು ಹೋಗಲು ವಾಹನವಿಲ್ಲ, ಜವಾಬ್ದಾರಿ ಹೊರಲು ಧೈರ್ಯವಿಲ್ಲ. ಪೇಟೆಯಲ್ಲಿ ಗೈಡುಗಳು ಬಂದವು. ಕ್ಷೇತ್ರಕಾರ್ಯದ ವರದಿಯೂ ಒಬ್ಬರಿಂದೊಬ್ಬರಿಗೆ ನಕಲಾಗಿ ಹರಿದಾಡಿತು. ಕಾವೇರಿಯ ದಡದಲ್ಲಿ ಕುಳಿತ ಹುಡುಗ ಎಲ್ಲಿಯದೋ ನದಿಯ ಮಾಲಿನ್ಯದ ಬಗ್ಗೆ ನಾಲ್ಕು ಪುಟ ಬರೆದು ಇಪ್ಪತ್ತೈದಕ್ಕೆ ಇಪ್ಪತ್ತೆರಡು ಅಂಕ ತೆಗೆದ. ಎಲ್ಲ ಕಾಲೇಜುಗಳ ಕಥೆ ಹೀಗೆ ಎಂದಲ್ಲ. ಭಾನುವಾರ ತಮ್ಮ ಜೇಬಿನಿಂದ ಖರ್ಚು ಮಾಡಿ ಮಕ್ಕಳನ್ನು ಕೆರೆ ಏರಿಗೆ ಕರೆದೊಯ್ದವರಿದ್ದಾರೆ. ಆದರೆ ಒಂದು ವ್ಯವಸ್ಥೆ ಮೇಷ್ಟ್ರ ಜೇಬನ್ನೇ ನಂಬಿ ಎಷ್ಟು ದಿನ ನಡೆದೀತು? ಕಿರು ಅನುದಾನಕ್ಕೆ ನಿಜವಾದ ಕೆಲಸವಿದ್ದದ್ದು ಇಲ್ಲಿಯೇ. ಅಂಕ ಕೊಟ್ಟರು, ಪುಸ್ತಕ ಕೊಟ್ಟರು. ಹೆಚ್ಚಿನ ಕಡೆ ಬಸ್ ಚಾರ್ಜು ಕೊಡಲು ಮರೆತರು.

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ರೂಪಿಸುವಾಗ ಪರಿಸರ ಕಲಿಕೆಯ ಬಗ್ಗೆ ಸಲಹೆ ಕೊಡಲು ಒಂದು ಗುಂಪು ನೇಮಕವಾಯಿತು. ಅದಕ್ಕೆ ಗಾಡ್ಗೀಳರೇ ಅಧ್ಯಕ್ಷರು. ಆ ಗುಂಪು ಹೇಳಿದ ಮುಖ್ಯ ಮಾತು ಸರಳವಾಗಿದೆ: ಮಕ್ಕಳು ಮಾಡುವ ಪ್ರಾಜೆಕ್ಟುಗಳು ತಮ್ಮ ಸುತ್ತಲಿನ ಬಗ್ಗೆ ನಿಜವಾದ ಮಾಹಿತಿ ಹುಟ್ಟಿಸಲಿ, ಆ ಮಾಹಿತಿ ಎಲ್ಲರಿಗೂ ಸಿಗುವ ಸಾರ್ವಜನಿಕ ಸಂಗ್ರಹಕ್ಕೆ ಸೇರಲಿ. ಇದು ಕಾಗದದ ಮೇಲೆ ಉಳಿಯಿತು. ಇತ್ತ ಜೀವವೈವಿಧ್ಯ ದಾಖಲೆಗಳೂ ಕುಂಟುತ್ತಿದ್ದವು. 2019ರ ಆಗಸ್ಟಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಗಡುವು ಹಾಕಿತು. 2020ರ ಜನವರಿ 31ರೊಳಗೆ ಎಲ್ಲ ಸ್ಥಳೀಯ ಸಂಸ್ಥೆಗಳಲ್ಲೂ ಸಮಿತಿ ಆಗಬೇಕು, ದಾಖಲೆ ಮುಗಿಯಬೇಕು. ತಪ್ಪಿದ ರಾಜ್ಯಗಳು ತಿಂಗಳಿಗೆ 10 ಲಕ್ಷ ರೂಪಾಯಿ ಕಟ್ಟಬೇಕು. ದೇಶದಾದ್ಯಂತ ಓಟ ಶುರುವಾಯಿತು. ವರ್ಷಗಟ್ಟಲೆ ಕೂತು ಕೇಳಿ ಬರೆಯಬೇಕಾದ ಪುಸ್ತಕವನ್ನು ತಿಂಗಳುಗಳಲ್ಲಿ ಬರೆದು ಮುಗಿಸುವ ಓಟ. ಒಂದು ತಿಂಗಳ ಆ ದಂಡದ ಮೊತ್ತವನ್ನು ಐದೈದು ಸಾವಿರದಂತೆ ಹಂಚಿದರೆ ಇನ್ನೂರು ವಿದ್ಯಾರ್ಥಿ ತಂಡಗಳಿಗೆ ಅನುದಾನವಾಗುತ್ತದೆ.

ಒಂದೇ ಊರಿನಲ್ಲಿ ಎರಡು ಅಗತ್ಯಗಳು ಒಂದರ ಮುಖ ಇನ್ನೊಂದು ನೋಡದೆ ಕೂತಿವೆ ಎಂಬುದು ಈ ಚರಿತ್ರೆಯ ವಿಚಿತ್ರ. ಕಾಲೇಜಿಗೆ 25 ಅಂಕದ ಕ್ಷೇತ್ರಕಾರ್ಯಕ್ಕೆ ವಿಷಯ ಬೇಕು. ಪುರಸಭೆಗೆ, ಪಂಚಾಯ್ತಿಗೆ ಬರೆದುಕೊಡುವ ಕೈ ಬೇಕು. ಎರಡನ್ನೂ ಕೂಡಿಸಲು ಬೇಕಾದದ್ದು ಪುಟ್ಟ ಮೊತ್ತ, ಬಂದು ನೋಡುವ ಒಬ್ಬರು, ಬರೆದದ್ದನ್ನು ಇಡಲು ಒಂದು ಬೀರು.

ಈ ಸೀಮೆಯಲ್ಲಿ ಪ್ರಶ್ನೆಗಳಿಗೆ ಬರವಿಲ್ಲ. ಕೃಷ್ಣರಾಜಸಾಗರದಿಂದ ಒಮ್ಮೆಗೇ ನೀರು ಬಿಟ್ಟಾಗ ರಂಗನತಿಟ್ಟಿನ ತಗ್ಗು ಬಂಡೆಗಳ ಮೇಲೆ ಮೊಟ್ಟೆಯಿಟ್ಟ ಹಕ್ಕಿಗಳ ಗತಿಯೇನು? ಲೋಕಪಾವನಿ ಕಾವೇರಿಗೆ ಸೇರುವಲ್ಲಿ ಬೇಸಿಗೆಯ ನೀರಿಗೂ ಮಳೆಗಾಲದ ನೀರಿಗೂ ಏನು ವ್ಯತ್ಯಾಸ? ಸಂಗಮದಲ್ಲಿ ಅಸ್ಥಿ ಬಿಟ್ಟು ಹೋಗುವವರು ಹೊಳೆಯಲ್ಲಿ ಬಿಡುವ ಬಟ್ಟೆ, ಪ್ಲಾಸ್ಟಿಕ್ಕು ಒಂದು ಅಮಾವಾಸ್ಯೆಗೆ ಎಷ್ಟು ಕಿಲೋ? ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಕುರುಚಲು ಕಾಡಿನಲ್ಲಿ ತೋಳಕ್ಕೆಂದೇ ಒಂದು ವನ್ಯಜೀವಿಧಾಮವಿದೆ. ಕುರಿ ಕಾಯುವವರು ತೋಳವನ್ನು ಕೊನೆಯ ಸಲ ನೋಡಿದ್ದು ಎಲ್ಲಿ, ಯಾವಾಗ? ಕೆ.ಆರ್. ಪೇಟೆ ಕಡೆ ಹೇಮಾವತಿಯ ನಾಲೆ ನೀರು ಬಂದ ಮೇಲೆ ಕಿಕ್ಕೇರಿಯಂಥ ಊರಿನ ಕೆರೆಗಳ ಮೀನಿನಲ್ಲಿ ಏನು ಬದಲಾಯಿತು? ನಾಗಮಂಗಲ ತಾಲ್ಲೂಕಿನಲ್ಲಿ ಆದಿಚುಂಚನಗಿರಿಯ ನವಿಲುಧಾಮವಿದೆ. 2018ರಿಂದ ಅದೇ ತಾಲ್ಲೂಕಿನ ಬಿ.ಜಿ. ನಗರದಲ್ಲಿ ಒಂದು ವಿಶ್ವವಿದ್ಯಾಲಯವೂ ಇದೆ. ಧಾಮದ ಹೊರಗೆ, ಹೊಲಗಳಲ್ಲಿ ನವಿಲು ಎಷ್ಟು, ರಾಗಿ ಬೆಳೆಯುವವನ ನಷ್ಟ ಎಷ್ಟು? ಇವು ಯಾವುವಕ್ಕೂ ದುಬಾರಿ ಯಂತ್ರ ಬೇಡ. ನೋಟ್‌ಬುಕ್ಕು, ಬಸ್ ಪಾಸು, ಪದೇ ಪದೇ ಹೋಗುವ ಕಾಲು ಸಾಕು.

ಉತ್ತರ ಒಂದೇ ವರ್ಷಕ್ಕೆ ಸಿಗದಿದ್ದರೆ ಇನ್ನೂ ಒಳ್ಳೆಯದು. ಮುಂದಿನ ಬ್ಯಾಚಿನವರು ಅದೇ ಜಾಗಕ್ಕೆ ಹೋಗಿ ಅದೇ ಲೆಕ್ಕ ಮಾಡಲಿ. ಮೂರನೆಯ ವರ್ಷಕ್ಕೆ ಅದು ಬರೀ ವರದಿಯಾಗಿ ಉಳಿಯುವುದಿಲ್ಲ, ಊರಿನ ದಾಖಲೆಯಾಗುತ್ತದೆ. ಹತ್ತನೆಯ ವರ್ಷಕ್ಕೆ ನ್ಯಾಯಾಲಯದಲ್ಲೂ ನಿಲ್ಲುವ ಸಾಕ್ಷ್ಯವಾಗುತ್ತದೆ. ದೊಡ್ಡ ಹಣ ಒಮ್ಮೆ ಬಂದು ಹೋಗುತ್ತದೆ. ಪ್ರತಿವರ್ಷ ತಪ್ಪದೆ ಬರುವ ಸಣ್ಣ ಹಣಕ್ಕೆ ಮಾತ್ರ ಈ ಶಕ್ತಿಯಿದೆ. ಹನಿಗೂಡಿದರೆ ಹಳ್ಳ ಎಂಬುದು ನಿಜ, ಹನಿ ಬೀಳುವ ಜಾಗ ಒಂದೇ ಆಗಿದ್ದರೆ.

ಅನುದಾನ ಕೊಡುವವರು ಅರ್ಜಿ ನಮೂನೆಯಲ್ಲಿ ಒಂದು ಸಾಲು ಸೇರಿಸಿದರೂ ಸಾಕು: ನೀವು ಕಂಡುಕೊಂಡದ್ದನ್ನು ಯಾವ ಊರಿನ, ಯಾವ ಕಚೇರಿಯಲ್ಲಿ ಅಥವಾ ಗ್ರಂಥಾಲಯದಲ್ಲಿ ಕನ್ನಡದಲ್ಲಿ ಇಡುತ್ತೀರಿ? ಬ್ಯಾನರಿನ ರಸೀದಿ ಕೇಳುವಷ್ಟೇ ಕಟ್ಟುನಿಟ್ಟಾಗಿ ಇದನ್ನೂ ಕೇಳಬೇಕು. ಆ ಸಾಲಿಗೆ ಗಂಜಾಮಿನ ಯಾವುದಾದರೂ ವಿದ್ಯಾರ್ಥಿ ತಂಡ ಉತ್ತರ ತುಂಬಿದ ದಿನ, ಮೊದಲು ಹೋಗಿ ಮಾತಾಡಿಸಬೇಕಾದದ್ದು ಅಂಜೂರದ ತೋಟ ಕಂಡವರನ್ನು. ಅವರಿಗೆ ಈಗಾಗಲೇ ವಯಸ್ಸಾಗಿದೆ.